ದಾನವಾಗಿ ಬರುವ ಮನೆಗೆ ಲ್ಯಾಂಡ್ ರಿಜಿಸ್ಟ್ರಿಯ ಆದ್ಯತೆ ರಕ್ಷಣೆ ಸಿಗುವುದಿಲ್ಲವೇ? (ಇಂಗ್ಲೆಂಡ್)

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರತ್ತೆಯವರು ಲೆಸ್ಟರ್‌ನಲ್ಲಿರುವ ತಮ್ಮ ಮನೆಯನ್ನು ನನ್ನ ಹೆಸರಿಗೆ ದಾನವಾಗಿ ಬರೆದುಕೊಡಲು ನಿರ್ಧರಿಸಿದ್ದಾರೆ. ಮನೆಯ ಮೇಲೆ ಅಡಮಾನ ಸಾಲವಿಲ್ಲ, ಹಕ್ಕು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆ, ನನ್ನಿಂದ ಅವರು ಒಂದು ಪೌಂಡನ್ನೂ ಪಡೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಾನು ಫ್ಲ್ಯಾಟ್ ಕೊಂಡಾಗ, ಹಣ ಪಾವತಿಸುವ ಮೊದಲು ಸಾಲಿಸಿಟರ್ ಒಎಸ್1 ನಮೂನೆಯಲ್ಲಿ ಅಧಿಕೃತ ಶೋಧನೆ ಮಾಡಿಸಿ, ಇನ್ನು 30 ಕೆಲಸದ ದಿನಗಳ ಒಳಗೆ ನಮ್ಮ ಅರ್ಜಿ ಸಲ್ಲಿಕೆಯಾದರೆ ನಡುವೆ ಬೇರೆ ಯಾರ ನಮೂದೂ ನಮಗಿಂತ ಮುಂದೆ ಹೋಗಲಾರದು ಎಂದು ವಿವರಿಸಿದ್ದರು. ಈ ಬಾರಿಯ ಸಾಲಿಸಿಟರ್, ಇದು ದಾನವಾದ್ದರಿಂದ ಆ ಶೋಧನೆಗೆ ಅವಕಾಶವಿಲ್ಲವೆಂದೂ, ಆದ್ಯತೆ ಕೊಡದ ಒಎಸ್3 ಶೋಧನೆಯನ್ನು ಮಾತ್ರ ಮಾಡಿಸಬಹುದೆಂದೂ ಹೇಳಿದ್ದಾರೆ. ಇದು ನಿಜವೇ? ನಿಜವಾದರೆ ನನಗಿರುವ ಅಪಾಯವೇನು? ಅತ್ತೆಯವರಿಗೆ ಹೆಸರಿಗೆ 1 ಪೌಂಡ್ ಕೊಟ್ಟು ಕ್ರಯವೆಂದು ತೋರಿಸಿದರೆ ರಕ್ಷಣೆ ಸಿಗುತ್ತದೆಯೇ?

ಮೊದಲ ಉತ್ತರ

ನಿಮ್ಮ ಸಾಲಿಸಿಟರ್ ಹೇಳಿದ್ದು ಸರಿ. ನಾನು ಹಲವು ವರ್ಷಗಳಿಂದ ಆಸ್ತಿ ವರ್ಗಾವಣೆಯ ಕಡತಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಕುಟುಂಬದೊಳಗಿನ ವರ್ಗಾವಣೆಗಳಲ್ಲಿ ಪದೇ ಪದೇ ತಪ್ಪು ತಿಳಿವಳಿಕೆಗೆ ಒಳಗಾಗುವ ಸಂಗತಿ ಇದು.

ಆದ್ಯತೆಯ ಶೋಧನೆ ಇರುವುದು ‘ಕೊಳ್ಳುವವರಿಗೆ’. 2003ರ ಭೂ ನೋಂದಣಿ ನಿಯಮಗಳ ಪ್ರಕಾರ ಬೆಲೆಯುಳ್ಳ ಪ್ರತಿಫಲಕ್ಕಾಗಿ ನಡೆಯುವ ವರ್ಗಾವಣೆ, ಗುತ್ತಿಗೆ ಅಥವಾ ಅಡಮಾನವನ್ನು ಪಡೆಯುವವರು ಮಾತ್ರ ಒಎಸ್1 ಅಥವಾ, ಆಸ್ತಿಯ ಒಂದು ಭಾಗಕ್ಕಾದರೆ, ಒಎಸ್2 ಸಲ್ಲಿಸಬಹುದು. ದಾನ ಪಡೆಯುವವರು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಒಂದು ಪೌಂಡಿನ ಉಪಾಯವೂ ನಡೆಯದು, ಏಕೆಂದರೆ 2002ರ ಭೂ ನೋಂದಣಿ ಕಾಯ್ದೆಯ 132ನೆಯ ಸೆಕ್ಷನ್ ಹೆಸರಿಗಷ್ಟೇ ಕೊಡುವ ಹಣವನ್ನೂ ಮದುವೆಯ ನಿಮಿತ್ತದ ಪ್ರತಿಫಲವನ್ನೂ ಬೆಲೆಯುಳ್ಳ ಪ್ರತಿಫಲದಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ವರ್ಗಾವಣೆ ಪತ್ರವಾದ ಟಿಆರ್1 ನಮೂನೆಯ 8ನೆಯ ಅಂಕಣದಲ್ಲಿ ಈ ವರ್ಗಾವಣೆ ಹಣಕ್ಕಾಗಲಿ, ಹಣದ ಮೌಲ್ಯವುಳ್ಳ ಯಾವುದಕ್ಕಾಗಲಿ ಅಲ್ಲ ಎಂಬ ಒಕ್ಕಣೆಯಿದೆ. ನಿಮ್ಮ ವಿಷಯದಲ್ಲಿ ಗುರುತು ಹಾಕಬೇಕಾದದ್ದು ಅದರ ಎದುರಿಗೆ, ಮತ್ತು ಸತ್ಯವನ್ನೇ ಬರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಆದರೆ ಶೋಧನೆಯ ಕೊರತೆಗಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಬೆಲೆ ಕೊಟ್ಟು ಕೊಂಡವರಿಗೆ ಅದೇ 2002ರ ಕಾಯ್ದೆಯ 29ನೆಯ ಸೆಕ್ಷನ್ ಅನ್ವಯಿಸುತ್ತದೆ: ನೋಂದಣಿಯ ವೇಳೆಗೆ ರಿಜಿಸ್ಟರಿನಲ್ಲಿ ನಮೂದಾಗದೆ ಉಳಿದ ಹಿಂದಿನ ಹಕ್ಕುಗಳು, ನಮೂದಿಲ್ಲದೆಯೂ ಬಾಧ್ಯವಾಗುವ ಕೆಲವನ್ನು ಬಿಟ್ಟರೆ, ಅವರ ಹಕ್ಕಿನ ಹಿಂದಕ್ಕೆ ಸರಿಯುತ್ತವೆ. ದಾನ ಪಡೆದವರಿಗೆ ಅನ್ವಯಿಸುವುದು 28ನೆಯ ಸೆಕ್ಷನ್ನಿನ ಮೂಲ ನಿಯಮ. ಅದರಂತೆ ಅತ್ತೆಯವರನ್ನು ಕಟ್ಟಿಹಾಕಿದ್ದ ಪ್ರತಿಯೊಂದು ಆಸ್ತಿ ಹಕ್ಕೂ, ರಿಜಿಸ್ಟರಿನಲ್ಲಿ ಇರಲಿ ಇಲ್ಲದಿರಲಿ, ನಿಮಗೆ ಅದರ ಸುಳಿವೇ ಇಲ್ಲದಿದ್ದರೂ, ನಿಮ್ಮನ್ನೂ ಕಟ್ಟಿಹಾಕುತ್ತದೆ. ಆದ್ದರಿಂದ ಒಎಸ್3 ಶೋಧನೆ ಸ್ವಚ್ಛವಾಗಿ ಬಂದಿತೆಂದು ನಿಶ್ಚಿಂತರಾಗಬೇಡಿ. ಅದು ರಿಜಿಸ್ಟರಿನಲ್ಲಿ ಇರುವುದನ್ನು ಮಾತ್ರ ತೋರಿಸುತ್ತದೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ ಮಾತು ನಮ್ಮ ಮನೆಯಲ್ಲೇ ನಡೆದಿದೆ. ನನ್ನ ಮಾವನವರು ತಮ್ಮ ಮನೆಯನ್ನು ನನ್ನ ಪತ್ನಿಗೆ ದಾನ ಮಾಡಿದರು. ಶೋಧನೆಯಲ್ಲಿ ಏನೂ ಕಾಣಿಸಲಿಲ್ಲ, ನೋಂದಣಿಯೂ ಮುಗಿಯಿತು. ಅದಾದ ಮೇಲೆ ಪಕ್ಕದ ಮನೆಯವರು ಎರಡು ಹಾಳೆಯ ಒಂದು ಒಪ್ಪಂದವನ್ನು ತಂದು ತೋರಿಸಿದರು. ಹಿತ್ತಲಿನ ಬೇಲಿಯ ಪಕ್ಕದ ಪಟ್ಟಿಯನ್ನು 10 ವರ್ಷಗಳ ಒಳಗೆ ಗೊತ್ತಾದ ಬೆಲೆಗೆ ಕೊಂಡುಕೊಳ್ಳುವ ಹಕ್ಕನ್ನು ಮಾವನವರು ಅವರಿಗೆ ಬರೆದುಕೊಟ್ಟಿದ್ದರು; ನಕ್ಷೆಯಲ್ಲಿ ಆ ಪಟ್ಟಿಗೆ ಕೆಂಪು ಪೆನ್ಸಿಲಿನ ಗೆರೆ ಎಳೆದಿತ್ತು, ಇಬ್ಬರ ಸಹಿಯೂ ಇತ್ತು. ಅವರು ಅದನ್ನು ರಿಜಿಸ್ಟರಿನಲ್ಲಿ ನಮೂದಿಸಿರಲಿಲ್ಲ. ಪೂರ್ಣ ಬೆಲೆ ಕೊಟ್ಟು ಕೊಂಡಿದ್ದರೆ ಆ ಹಾಳೆ ನಮ್ಮನ್ನು ತಟ್ಟುತ್ತಿರಲಿಲ್ಲವೆಂದು ವಕೀಲರು ಹೇಳಿದರು. ದಾನವಾದ್ದರಿಂದ ತಟ್ಟಿತು, ಪಟ್ಟಿಯನ್ನು ಬಿಟ್ಟುಕೊಡಬೇಕಾಯಿತು.

ಮಾವನವರು ಮುಚ್ಚಿಟ್ಟಿದ್ದಲ್ಲ, ಅವರಿಗೆ ಮರೆತೇ ಹೋಗಿತ್ತು. ನಾವೂ ಕೇಳಿರಲಿಲ್ಲ. ಪ್ರೀತಿಯಿಂದ ಮನೆ ಕೊಡುತ್ತಿರುವ ಹಿರಿಯರನ್ನು ಹಾಗೆಲ್ಲ ವಿಚಾರಿಸುವುದು ಅಗೌರವವೆಂದು ನಮಗೆ ಅನ್ನಿಸಿತ್ತು. ಈಗ ನೋಡಿದರೆ, ಕುಳಿತು ಸಾವಧಾನವಾಗಿ ಕೇಳುವುದೇ ಅವರಿಗೂ ನಮಗೂ ಒಳ್ಳೆಯದಾಗಿತ್ತು.

ಮೂರನೆಯ ಉತ್ತರ

ಸಹಿಯಾದ ಮೇಲಿನ ದಿನಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಪ್ರಶ್ನೆ ಕೇಳಿದವರ ಆತಂಕ ಇರುವುದು ಅಲ್ಲಿಯೇ.

ನೋಂದಣಿಯಾಗುವವರೆಗೆ ಕಾನೂನಿನ ದೃಷ್ಟಿಯಲ್ಲಿ ಮಾಲೀಕರು ನಿಮ್ಮ ಅತ್ತೆಯವರೇ. ಆದರೆ ನೋಂದಣಿ ಮುಗಿಯಲು ತಿಂಗಳುಗಳೇ ಹಿಡಿದರೂ ಅದರಿಂದ ನಿಮ್ಮ ಸರದಿ ಕೆಡುವುದಿಲ್ಲ; ಅದೇ ಭೂ ನೋಂದಣಿ ಕಾಯ್ದೆಯ 74ನೆಯ ಸೆಕ್ಷನ್ನಿನ ಪ್ರಕಾರ ನಮೂದು ಅರ್ಜಿ ಸಲ್ಲಿಸಿದ ಸಮಯದಿಂದಲೇ ಜಾರಿಗೆ ಬರುತ್ತದೆ. ಹೀಗಾಗಿ ಅಪಾಯವಿರುವುದು ಟಿಆರ್1ಕ್ಕೆ ಸಹಿ ಬಿದ್ದ ಗಳಿಗೆಯಿಂದ ನೋಂದಣಿಗಾಗಿ ಸಲ್ಲಿಸುವ ಎಪಿ1 ಅರ್ಜಿ ಒಳಗೆ ಹೋಗುವವರೆಗೆ. ಸಾಧ್ಯವಾದರೆ ಅದೇ ದಿನ ಸಲ್ಲಿಸುವಂತೆ ಸಾಲಿಸಿಟರ್‌ಗೆ ಹೇಳಿ.

ಬೇಗ ಸಲ್ಲಿಸಿದರಷ್ಟೇ ಸಾಲದು, ಅರ್ಜಿ ದೋಷವಿಲ್ಲದಂತಿರಬೇಕು. ಕಚೇರಿ ಕೇಳಿದ ಸ್ಪಷ್ಟೀಕರಣಕ್ಕೆ ಗಡುವಿನೊಳಗೆ ಉತ್ತರ ಹೋಗದೆ ಅರ್ಜಿ ರದ್ದಾದರೆ ಅದರ ಸರದಿಯೂ ಅಲ್ಲಿಗೇ ಮುಗಿಯುತ್ತದೆ, ಹೊಸ ಅರ್ಜಿ ಸಾಲಿನ ಕೊನೆಗೆ ನಿಲ್ಲುತ್ತದೆ. ನಮ್ಮವರ ಕಡತಗಳಲ್ಲಿ ನಾನು ಕಂಡಿರುವ ಸಾಮಾನ್ಯ ತೊಡಕು ಹೆಸರಿನದು: ರಿಜಿಸ್ಟರಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯವರ ಪೂರ್ತಿ ಹೆಸರು. ಸಹಿಗೆ ಮೊದಲೇ ಅದನ್ನು ಹೊಂದಿಸಿಕೊಳ್ಳಿ.

ಅತ್ತೆಯವರು ಒಪ್ಪಿದರೆ ಆರ್‌ಎಕ್ಸ್1 ನಮೂನೆಯ ಮೂಲಕ ರಿಜಿಸ್ಟರಿನಲ್ಲಿ ಒಂದು ನಿರ್ಬಂಧವನ್ನು ಮೊದಲೇ ಹಾಕಿಸಬಹುದು. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಬೇರೆ ವರ್ಗಾವಣೆಯಾಗಲಿ ಅಡಮಾನವಾಗಲಿ ನೋಂದಣಿಯಾಗದಂತೆ ಅದು ತಡೆಯುತ್ತದೆ, ಆದರೆ ಆದ್ಯತೆಯನ್ನು ಕೊಡುವುದಿಲ್ಲ. ಪ್ರಾಪರ್ಟಿ ಅಲರ್ಟ್ ಎಂಬ ಉಚಿತ ಸೇವೆಯಲ್ಲಿ ಆ ಮನೆಯನ್ನು ಸೇರಿಸಿದರೆ, ಯಾರಾದರೂ ಅದರ ಮೇಲೆ ಶೋಧನೆ ಮಾಡಿಸಿದಾಗ ಅಥವಾ ಅರ್ಜಿ ಸಲ್ಲಿಸಿದಾಗ ನಿಮಗೆ ಮಿಂಚಂಚೆ ಬರುತ್ತದೆ.

ಮೊದಲ ಉತ್ತರ ಬರೆದವರಿಂದ

ಒಂದು ವಿಷಯ ಬಿಟ್ಟುಹೋಗಿತ್ತು. ದಾನದ ಜೊತೆಗೇ ನೀವು ಆ ಮನೆಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯುವುದಾದರೆ, ಬ್ಯಾಂಕ್ ಬೆಲೆ ಕೊಡುವ ಪಕ್ಷವಾದ್ದರಿಂದ ಅದರ ಹೆಸರಿನಲ್ಲಿ ಒಎಸ್1 ಮಾಡಿಸಬಹುದು, ಮತ್ತು ಅಡಮಾನ ಅವಲಂಬಿಸಿರುವ ನಿಮ್ಮ ವರ್ಗಾವಣೆಗೂ ಆ ರಕ್ಷಣೆ ಹಬ್ಬುತ್ತದೆ. ಆದರೆ ಅದು ತಡೆಯುವುದು ಆಮೇಲೆ ಬರುವ ನಮೂದುಗಳನ್ನು ಮಾತ್ರ. ಹಿತ್ತಲಿನ ಪಟ್ಟಿಯಂತಹ ಹಳೆಯ ಹಕ್ಕು ಬ್ಯಾಂಕನ್ನು ಬಾಧಿಸದಿದ್ದರೂ ನಿಮ್ಮನ್ನು ಬಾಧಿಸಿಯೇ ತೀರುತ್ತದೆ. ಈ ರಕ್ಷಣೆಗಾಗಿಯೇ ಸಾಲ ಮಾಡಿರೆಂದು ನಾನು ಯಾರಿಗೂ ಹೇಳುವುದಿಲ್ಲ.

ಅತ್ತೆಯವರಿಗೆ ಬೇರೆ ಸಾಲಗಳಿವೆಯೇ ಎಂಬುದನ್ನೂ ವಿಚಾರಿಸಿ. 1986ರ ದಿವಾಳಿತನ ಕಾಯ್ದೆಯ 339ನೆಯ ಸೆಕ್ಷನ್ ಅಡಿಯಲ್ಲಿ, ದಿವಾಳಿ ಅರ್ಜಿಗೆ ಹಿಂದಿನ 5 ವರ್ಷಗಳಲ್ಲಿ ಮಾಡಿದ ದಾನವನ್ನು ಕೆಲವು ಷರತ್ತುಗಳೊಂದಿಗೆ ನ್ಯಾಯಾಲಯ ತಿರುಗಿಸಬಹುದು.

ಪ್ರಶ್ನೆ ಕೇಳಿದವರಿಂದ

ಇಷ್ಟು ಸಾವಧಾನವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಅತ್ತೆಯವರ ಜೊತೆ ಕುಳಿತು ಅವರ ಬೀರುವಿನಲ್ಲಿದ್ದ ಕಾಗದಗಳನ್ನೆಲ್ಲ ಒಂದೊಂದಾಗಿ ನೋಡಿದೆವು. ಸಾಲ ಯಾವುದೂ ಇಲ್ಲ. ಪಕ್ಕದವರ ಕಾರು ಹಾದುಹೋಗಲು ಹಿಂದೆ ಒಪ್ಪಿಗೆ ಕೊಟ್ಟು ಬರೆದ ಒಂದು ಪತ್ರ ಸಿಕ್ಕಿತು. ಅದು ಬರಿಯ ಅನುಮತಿಯೋ ಶಾಶ್ವತವಾದ ದಾರಿಯ ಹಕ್ಕೋ ಎಂಬುದನ್ನು ಸಾಲಿಸಿಟರ್ ಓದಿ ಹೇಳಬೇಕು. ಪತ್ರವನ್ನು ಅವರಿಗೆ ಕಳಿಸಿದ್ದೇನೆ. ಅವರ ಉತ್ತರ ಬರುವವರೆಗೆ ಟಿಆರ್1ಕ್ಕೆ ಸಹಿ ಹಾಕುವುದು ಬೇಡವೆಂದು ಅತ್ತೆಯವರೇ ಹೇಳಿದ್ದಾರೆ.