ದೋಣಿ ಇಂಜಿನ್ ಜಗಳ: ಕಾರ್ಬ್ಯುರೇಟರಾ, ಪೈಪಾ?

ನಮ್ಮ ಮನೆ ಗುಂಪಿನಲ್ಲಿ ಭಾನುವಾರ ನಡೆದ ಮಾತುಕತೆ. ಗಂಗೊಳ್ಳಿ ಹೊಳೆಯಲ್ಲಿರುವ ದೋಣಿ, ಅದರ ಹಿಂಬದಿಗೆ ಸಿಕ್ಕಿಸುವ, ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ 8 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್, ಎರಡೂ ಎಲ್ಲರ ಪಾಲಿನದು. ಖರ್ಚು ಬಂದಾಗ ಮಾತ್ರ ಯಾರದೂ ಅಲ್ಲ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆ.

ಭಾವ ಬೆಂಗಳೂರು: (ಫಾರ್ವರ್ಡ್) "ಎಚ್ಚರ!! ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲ್ ದೋಣಿ ಇಂಜಿನ್ನಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಕರಗಿಸುತ್ತದೆ. ಎಲ್ಲ ಗುಂಪಿಗೂ ಕಳಿಸಿ."

ದೊಡ್ಡಣ್ಣ: ಇಲ್ಲೂ ಅದೇ ಕಥೆ. ನಿಧಾನಕ್ಕೆ ಹೋದರೆ ಏನೂ ಇಲ್ಲ. ಆಕ್ಸಿಲರೇಟರ್ ಪೂರ್ತಿ ಕೊಟ್ಟರೆ ಸ್ವಲ್ಪ ದೂರ ಓಡಿ, ಬಿಕ್ಕಳಿಸಿ, ಬಂದ್. ಭಾವ ಇದನ್ನೇ ಮೊದಲೂ ಕಳಿಸಿದ್ದರು ಅಂತ ಕಾರ್ಬ್ಯುರೇಟರ್ ಬಿಚ್ಚಿಸಿ ತೊಳೆಸಿದೆ. ಮತ್ತೆ ಹಾಗೇ. ಹೊಸದೇ ಹಾಕಬೇಕಂತೆ, 12 ಸಾವಿರ. ಪಾಲು ಕಳಿಸಿ.

ಚಿಕ್ಕಪ್ಪ: ಸೀಮೆಎಣ್ಣೆ ಇಂಜಿನ್ ಇದ್ದಾಗ ಈ ತಕರಾರೇ ಇರಲಿಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲ್.

ಅಮ್ಮ: ಸೀಮೆಎಣ್ಣೆ ಈಗ ಸಿಗಬೇಕಲ್ಲ ಮಾರಾಯ.

ನಾನು: ಅಣ್ಣ, ಇಂಜಿನ್ ಸಾಯುವಾಗ, ಟ್ಯಾಂಕಿನಿಂದ ಇಂಜಿನ್ನಿಗೆ ಬರುವ ಪೆಟ್ರೋಲ್ ಪೈಪಿನ ನಡುವೆ ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್ ಹೇಗಿತ್ತು? ಗಟ್ಟಿಯಾ, ಮೆತ್ತಗಾ, ಚಪ್ಪಟೆಯಾ?

ದೊಡ್ಡಣ್ಣ: ಚಪ್ಪಟೆ. ಒಳಗೆ ಎಳೆದುಕೊಂಡ ಹಾಗೆ.

ನಾನು: ಹಾಗಾದರೆ ಕಾರ್ಬ್ಯುರೇಟರಿಗೆ ದುಡ್ಡು ಸುರಿಯುವುದು ಸುಮ್ನೆ ದಂಡ. ಇಂಜಿನ್ನಿನ ಪಂಪ್ ಚೆನ್ನಾಗಿಯೇ ಎಳೆಯುತ್ತಿದೆ. ಹಿಂದಿನಿಂದ ಪೆಟ್ರೋಲ್ ಬರುತ್ತಿಲ್ಲ. ಕಟ್ಟಿಕೊಂಡಿರುವುದು ಬಲ್ಬಿಗೂ ಟ್ಯಾಂಕಿಗೂ ನಡುವೆ. ಟ್ಯಾಂಕಿಗೆ ಗಾಳಿ ಹೋಗದಿದ್ದರೂ ಹೀಗೇ ಆಗುತ್ತದೆ, ಮುಚ್ಚಳದ ಗಾಳಿ ಸ್ಕ್ರೂ ತೆಗೆದಿದ್ದೆಯಾ?

ದೊಡ್ಡಣ್ಣ: ಅಷ್ಟೂ ಗೊತ್ತಿಲ್ಲವಾ ನನಗೆ? ಮುಚ್ಚಳವನ್ನೇ ಸಡಿಲ ಬಿಟ್ಟು ಓಡಿಸಿದ್ದೇನೆ. ನೀನು ವರ್ಷಕ್ಕೊಮ್ಮೆ ಬಂದು ಕೂತು ಹೋಗುವವನು.

ಅತ್ತಿಗೆ: ಅವರು ಬೆಳಗ್ಗೆಯಿಂದ ಊಟ ಮಾಡಿಲ್ಲ. ಇಂಜಿನ್ ಇಂಜಿನ್ ಅಂತ.

ಭಾವ ಬೆಂಗಳೂರು: ಪೆಟ್ರೋಲಿನ ವಿಷಯ ಯಾಕೆ ತಪ್ಪಿಸುತ್ತೀರಿ? ಇ20 ಶುರುವಾಗಿದ್ದೇ ನಮ್ಮ ಬೆಂಗಳೂರಲ್ಲಿ, 2023ರ ಫೆಬ್ರುವರಿಯಲ್ಲಿ. ಔಟ್‌ಬೋರ್ಡ್ ಕಂಪನಿಗಳ ಪುಸ್ತಕ ತೆಗೆದು ನೋಡಿ, ಎಥನಾಲ್ 10 ಪರ್ಸೆಂಟಿಗಿಂತ ಜಾಸ್ತಿ ಬೇಡ ಅಂತ ಇರುತ್ತದೆ.

ನಾನು: ಆ ಮಾತು ನಿಜ ಭಾವ. ಎಥನಾಲ್ ನೀರು ಎಳೆಯುವುದೂ ನಿಜ. ನೀರು ಮಿತಿ ಮೀರಿದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಟೂ-ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಕೊಳವೆ ಎಳೆಯುವುದು ತಳದಿಂದ. ಅಂದರೆ ಇಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರು-ಎಥನಾಲ್. ಆದರೆ ಅದಕ್ಕೆ ಬಲ್ಬ್ ಚಪ್ಪಟೆ ಆಗುವುದಿಲ್ಲ. ಅಣ್ಣ, ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿಟ್ಟು ನೋಡು. ಬೀಡಿ ದೂರ ಇಡು.

ದೊಡ್ಡಣ್ಣ: (ಫೋಟೊ) ಒಂದೇ ಬಣ್ಣ. ಎರಡು ಪದರ ಇಲ್ಲ.

ನಾನು: ಹಾಗಾದರೆ ಪಕ್ಕದ ದೋಣಿಯವರ ಟ್ಯಾಂಕ್, ಪೈಪ್ ಎರಡೂ ಕೇಳಿ ತಂದು ಹಾಕು. ಆಯಿಲ್ ಲೀಟರಿಗೆ 20 ಎಂಎಲ್ ಇದೆಯಾ ಅಂತ ಕೇಳಿಕೋ. ಫುಲ್ ಸ್ಪೀಡ್ ಕೊಡು.

ಅಮ್ಮ: ಅಳಿವೆ ಬಾಯಿಗೆ ಹೋಗಬೇಡ. ಅಲ್ಲಿ ಇಂಜಿನ್ ನಿಂತರೆ ಅಲೆ ಕೇಳುತ್ತದಾ?

(ಒಂದು ಗಂಟೆ ಯಾರ ಸದ್ದೂ ಇಲ್ಲ. ಚಿಕ್ಕಪ್ಪ ನಡುವೆ ಶುಭ ಮಧ್ಯಾಹ್ನದ ಹೂವು ಹಾಕಿದರು.)

ದೊಡ್ಡಣ್ಣ: ಓಡಿತು. ಹೊಳೆ ಮೇಲೆ ಕೆಳಗೆ ಎರಡು ಸಲ. ಒಮ್ಮೆಯೂ ನಿಲ್ಲಲಿಲ್ಲ. ನಮ್ಮ ಟ್ಯಾಂಕಿಗೆ ಅವರ ಪೈಪ್ ಹಾಕಿದೆ, ಆಗಲೂ ಓಡಿತು.

ನಾನು: ಆಯಿತಲ್ಲ. ನಮ್ಮ ಪೈಪನ್ನು ಟ್ಯಾಂಕಿನ ಕಡೆ ಉದ್ದಕ್ಕೆ ಸೀಳು.

ದೊಡ್ಡಣ್ಣ: (ಫೋಟೊ) ಇದನ್ನು ನೋಡಿ. ಹೊರಗೆ ಹೊಸದರ ಹಾಗಿದೆ. ಒಳಗಿನ ತೆಳು ಪದರ ಎದ್ದು ಸುಕ್ಕಾಗಿದೆ. ಬೆರಳಲ್ಲಿ ಎಳೆದರೆ ಸಿಪ್ಪೆ ಬಂದ ಹಾಗೆ ಬರುತ್ತದೆ.

ನಾನು: ಅದೇ. ನಿಧಾನಕ್ಕೆ ಹೋಗುವಾಗ ಬೇಕಾದಷ್ಟು ಪೆಟ್ರೋಲ್ ಆ ಸಂದಿನಲ್ಲೇ ನುಗ್ಗುತ್ತದೆ. ಜೋರಾಗಿ ಎಳೆದಾಗ ಪದರ ಕುಸಿದು ದಾರಿ ಮುಚ್ಚುತ್ತದೆ. ಬಲ್ಬ್ ಸಮೇತ ಹೊಸ ಪೈಪ್ ತಾ, ಎಥನಾಲ್ ತಡೆಯುವಂಥದ್ದು. ಬಲ್ಬಿನ ಬಾಣ ಇಂಜಿನ್ ಕಡೆಗಿರಲಿ.

ಭಾವ ಬೆಂಗಳೂರು: ಎಥನಾಲ್!! ಹಳೆ ಪೈಪಿನ ಒಳಪದರ ಎಬ್ಬಿಸುವುದು ಅದೇ ಅಲ್ವಾ? ಹಾಗಾದರೆ ನನ್ನ ಫಾರ್ವರ್ಡ್ ಸರಿ.

ನಾನು: ಪೈಪಿನ ಮಟ್ಟಿಗೆ ಇರಬಹುದು ಭಾವ. ಆ ಪೈಪಿಗೂ ವಯಸ್ಸಾಗಿತ್ತು. ಫಾರ್ವರ್ಡಿನಲ್ಲಿ ಪೈಪಿನ ಹೆಸರೇ ಇಲ್ಲ.

ಚಿಕ್ಕಪ್ಪ: ಪೈಪಿನ ದುಡ್ಡಿಗೆ ಎಲ್ಲರೂ ಪಾಲು ಹಾಕಿ. ಕಾರ್ಬ್ಯುರೇಟರ್ ಬಿಚ್ಚಿಸಿದ ಮಜೂರಿ ಬಿಚ್ಚಿಸಿದವನದ್ದು.

ದೊಡ್ಡಣ್ಣ: ಬಿಚ್ಚಿಸಲು ಹೇಳಿದ್ದು ಯಾರು? ಭಾವ, ನಿಮ್ಮ ಯುಪಿಐ ಇದೆಯಲ್ಲ?

ಭಾವ ಬೆಂಗಳೂರು: ನಾನು ಫಾರ್ವರ್ಡ್ ಮಾಡಿದ್ದು ಅಷ್ಟೇ.