ನಾನ್‌ಟರ್ಮಿನಲ್‌ಗೆ ಮಿತಿ ಇರುವ ಗ್ರಾಮರ್: ನೀವು ಹೇಗೆ ಕಲಿತಿರಿ?

ಕೇಳಿದ್ದು: ಎಂ.ಟೆಕ್ ಪ್ರಾಜೆಕ್ಟ್‌ಗೆ ಈ ವಿಷಯದ ಮೇಲೆ ಒಂದು ಅಧ್ಯಾಯ ಬರೆಯಬೇಕು: ಗ್ರಾಮರ್ (ಚಿಹ್ನೆಗಳ ಸಾಲು ಹುಟ್ಟಿಸುವ ನಿಯಮಗಳು) ಬಿಡಿಸುವಾಗ ಒಂದು ಸಾಲಿನಲ್ಲಿ ಎಷ್ಟು ನಾನ್‌ಟರ್ಮಿನಲ್ (ಇನ್ನೂ ಬಿಡಿಸಬೇಕಾದ ಚಿಹ್ನೆ) ಇರಬಹುದು ಅನ್ನುವ ಮಿತಿ. ಒಂದು ಕಡೆ ‘ಅಲ್ಟ್ರಾಲೀನಿಯರ್’ ಅನ್ನುತ್ತಾರೆ, ಇನ್ನೊಂದು ಕಡೆ ‘ಫೈನೈಟ್ ಇಂಡೆಕ್ಸ್’. ನನಗೆ ಎರಡೂ ಒಂದೇ ಅನ್ನಿಸುತ್ತಿದೆ. ಓದಿದವರು ದಾರಿ ತೋರಿಸಿ.

ಮೈಸೂರಿನಿಂದ: ಒಂದೇ ಅಲ್ಲ. ನಾನೂ ಒಂದು ಸೆಮಿಸ್ಟರ್ ಪೂರ್ತಿ ಹಾಗೇ ಅಂದುಕೊಂಡಿದ್ದೆ. ಕಣ್ಣು ತೆರೆಸಿದ್ದು ಈ ಪುಟ್ಟ ಗ್ರಾಮರ್ (ಬಾಣದ ಎಡಗಡೆಯ ನಾನ್‌ಟರ್ಮಿನಲ್ ಅನ್ನು ಬಲಗಡೆಯದಾಗಿ ಬಿಡಿಸಬಹುದು, | ಅಂದರೆ ‘ಅಥವಾ’):

ಅ → ಕ ಅ | ಖಾಲಿ
ಕ → 0 ಕ 1 | ಖಾಲಿ

01, 0011, 001101 ಎಲ್ಲ ಇದರಲ್ಲಿ ಬರುತ್ತವೆ. ಹಾಳೆ ತಗೊಂಡು ಬರೆಯಿರಿ, ಅ, ಕ ಬಂದಲ್ಲೆಲ್ಲ ಸುತ್ತು ಹಾಕಿ. ಎಡಗಡೆಯ ಕ ಮೊದಲು ಮುಗಿಸಿದರೆ: ಕಅ, 0ಕ1ಅ, 00ಕ11ಅ, 0011ಅ. ಪದ ಎಷ್ಟೇ ಉದ್ದ ಇರಲಿ, ಒಂದು ಸಾಲಿನಲ್ಲಿ ಎರಡು ಸುತ್ತಿಗಿಂತ ಜಾಸ್ತಿ ಬರುವುದಿಲ್ಲ. ಈಗ ಕ ಮುಟ್ಟದೆ ಬರೀ ಅ ಬಿಡಿಸುತ್ತಾ ಹೋಗಿ: ಕಅ, ಕಕಅ, ಕಕಕಅ. ನಿಲ್ಲುವುದೇ ಇಲ್ಲ. ಪ್ರತಿ ಪದಕ್ಕೂ ಮಿತಿಯೊಳಗಿನ ದಾರಿ ಒಂದಾದರೂ ಸಿಕ್ಕರೆ ಅದು ಫೈನೈಟ್ ಇಂಡೆಕ್ಸ್. ಯಾವ ದಾರಿ ಹಿಡಿದರೂ ಮಿತಿ ಮೀರಲೇಬಾರದು ಅಂದರೆ ಅಲ್ಟ್ರಾಲೀನಿಯರ್. ‘ನಾನ್‌ಟರ್ಮಿನಲ್ ಬೌಂಡೆಡ್’ ಅಂತ ಕಂಡಾಗ ಇವೆರಡರಲ್ಲಿ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಹುಬ್ಬಳ್ಳಿಯಿಂದ: ನನಗೆ ಸ್ಟ್ಯಾಕ್ (ಮೇಲಿನಿಂದಲೇ ಇಟ್ಟು ಮೇಲಿನಿಂದಲೇ ತೆಗೆಯುವ ಮೆಮೊರಿ) ಕಡೆಯಿಂದ ನೋಡಿದಾಗ ಹೊಳೆಯಿತು. ಗ್ರಾಮರ್ ಹುಟ್ಟಿಸುವ ಪದಗಳೆಲ್ಲ ಸೇರಿ ಅದರ ಭಾಷೆ; ಅಲ್ಟ್ರಾಲೀನಿಯರ್ ಗ್ರಾಮರ್ ಒಂದಾದರೂ ಇದ್ದರೆ ಭಾಷೆಯೂ ಅಲ್ಟ್ರಾಲೀನಿಯರ್. ಗಿನ್ಸ್‌ಬರ್ಗ್ ಮತ್ತು ಸ್ಪೇನಿಯರ್ 1966ರಲ್ಲಿ ತೋರಿಸಿದ್ದು ಇದು: ಅಲ್ಟ್ರಾಲೀನಿಯರ್ ಭಾಷೆಗಳಿಗೆ ಬೇಕಾದ ಪುಶ್‌ಡೌನ್ ಆಟೊಮೇಟಾದಲ್ಲಿ (ಸ್ಟ್ಯಾಕ್ ಇಟ್ಟುಕೊಂಡು ಪದ ಓದುವ ಯಂತ್ರ) ಸ್ಟ್ಯಾಕ್ ಏರಿ ಇಳಿಯುವ ತಿರುವುಗಳಿಗೆ ಮಿತಿ ಇದೆ. ಮೇಲಿನ ಉದಾಹರಣೆಯಲ್ಲಿ ಪ್ರತಿ 0011 ತುಂಡಿಗೂ ಒಂದು ತಿರುವು ಬೇಕು, ತುಂಡುಗಳಿಗೆ ಲೆಕ್ಕವಿಲ್ಲ. ಹಾಗಾಗಿ ಗ್ರಾಮರ್ ಹೇಗೆ ತಿದ್ದಿದರೂ ಆ ಭಾಷೆ ಅಲ್ಟ್ರಾಲೀನಿಯರ್ ಆಗುವುದಿಲ್ಲ.

ಮಂಗಳೂರಿನಿಂದ: ಎಡಗಡೆಯಿಂದ ಮುಗಿಸುತ್ತಾ ಬಂದರೆ ಎಲ್ಲ ಕಾಂಟೆಕ್ಸ್ಟ್ ಫ್ರೀ ಭಾಷೆಗೂ (ಇಲ್ಲಿನ ಗ್ರಾಮರ್‌ಗಳಂತೆ, ಅಕ್ಕಪಕ್ಕ ನೋಡದೆ ಒಂದೊಂದೇ ನಾನ್‌ಟರ್ಮಿನಲ್ ಬಿಡಿಸಿ ಬರುವ ಭಾಷೆ) ಮಿತಿ ಸಿಗುತ್ತದೆ ಅಂತ ನಾನು ನಂಬಿ ನಾಲ್ಕು ಪುಟ ಬರೆದಿದ್ದೆ. ತಪ್ಪು. ಸರಿಯಾಗಿ ಮುಚ್ಚುವ ಆವರಣಗಳನ್ನು ತೆಗೆದುಕೊಳ್ಳಿ: ಅ → ಅ ಅ | ( ಅ ) | ಖಾಲಿ. (()()) ಬರೆಯಲು ಎರಡು ಸುತ್ತು ಸಾಕು. ಅದರದ್ದೇ ಎರಡು ಪ್ರತಿಯನ್ನು ಒಂದು ಆವರಣದೊಳಗೆ ಇಡಿ: ((()())(()())). ಒಂದು ಅರ್ಧ ಮುಗಿಯುವವರೆಗೆ ಇನ್ನೊಂದು ಅರ್ಧದ ಅ ಕಾಯುತ್ತಾ ಕೂರಬೇಕು, ಅಲ್ವಾ? ಮೂರಾಯಿತು. ಮತ್ತೆ ಹಾಗೇ ಮಾಡಿದರೆ 30 ಚಿಹ್ನೆಯ ಪದ, ನಾಲ್ಕು ಸುತ್ತು. ಬೇರೆ ಯಾವ ಗ್ರಾಮರ್ ತಂದರೂ ಈ ಭಾಷೆಗೆ ಮಿತಿ ಸಿಗುವುದಿಲ್ಲ ಅಂತ ಸಲೋಮಾ 1969ರಲ್ಲಿ ಸಾಧಿಸಿದರು. ನನಗೆ ಬಹಳ ಇಷ್ಟವಾದ ಫಲಿತಾಂಶ ಇದು. ಕಂಪೈಲರ್ ಓದಿದವರಿಗೆ ಈ ಎಣಿಕೆ ಗುರುತು ಸಿಗುತ್ತದೆ: ಒಂದು ಲೆಕ್ಕ ಮಾಡಲು ಕನಿಷ್ಠ ಎಷ್ಟು ರಿಜಿಸ್ಟರ್ (ಪ್ರೊಸೆಸರ್‌ನೊಳಗಿನ ತಾತ್ಕಾಲಿಕ ಜಾಗ) ಬೇಕು ಅಂತ ಎರ್ಶೋವ್ 1958ರಲ್ಲಿ ಎಣಿಸಿದ್ದೂ ಹೀಗೇ.

ಮತ್ತೆ ಮೈಸೂರಿನಿಂದ: ಪರೀಕ್ಷೆ ಮಾಡುವ ಕ್ರಮ ಹೇಳಲು ಮರೆತೆ. ಕೆಲಸಕ್ಕೆ ಬಾರದ (ಯಾವ ಪದ ಹುಟ್ಟಿಸಲೂ ಬಳಕೆಯಾಗದ) ನಾನ್‌ಟರ್ಮಿನಲ್‌ಗಳನ್ನು ಮೊದಲು ತೆಗೆದುಹಾಕಿ. ಉಳಿದವುಗಳಲ್ಲಿ ಯಾವುದಾದರೂ ಬಿಡಿಸುತ್ತಾ ಹೋದಾಗ ತಾನೇ ವಾಪಸ್ ಬಂದು, ಪಕ್ಕದಲ್ಲಿ ಇನ್ನೊಂದು ನಾನ್‌ಟರ್ಮಿನಲ್ ಇದ್ದರೆ ಆ ಗ್ರಾಮರ್ ಅಲ್ಟ್ರಾಲೀನಿಯರ್ ಅಲ್ಲ. ತಾನೇ ಎರಡು ಸಲ ವಾಪಸ್ ಬಂದರೆ ‘ಎಕ್ಸ್‌ಪಾನ್ಸಿವ್’. ಯಾವುದೂ ಹಾಗೆ ಬರದಿದ್ದರೆ ಫೈನೈಟ್ ಇಂಡೆಕ್ಸ್ ಖಚಿತ. ಆದರೆ ಅ → ಅ ಅ | 0 ನೋಡಿ. ಗ್ರಾಮರ್ ಎಕ್ಸ್‌ಪಾನ್ಸಿವ್, ಭಾಷೆ ಮಾತ್ರ ಸುಮ್ನೆ ಸೊನ್ನೆಗಳ ಸಾಲು. ಅದಕ್ಕೆ ಅ → 0 ಅ | 0 ಸಾಕು. ಕೊಟ್ಟ ಗ್ರಾಮರ್‌ನ ಭಾಷೆ ಫೈನೈಟ್ ಇಂಡೆಕ್ಸ್ ಹೌದೋ ಅಲ್ಲವೋ ಅಂತ ಹೇಳುವ ಅಲ್ಗಾರಿದಮ್ ಇಲ್ಲವೇ ಇಲ್ಲ. ಅಧ್ಯಾಯದಲ್ಲಿ ‘ಗ್ರಾಮರ್’ ಅಂತ ಬರೆಯಬೇಕಾದ ಕಡೆ ‘ಭಾಷೆ’ ಅಂತ ಬಿದ್ದಿದೆಯಾ ಅಂತ ಒಂದು ಸಲ ಪೂರ್ತಿ ಓದಿ ನೋಡಿ.