ಬಚ್ಚಲ ಗೋಡೆಯ ದೊಡ್ಡ ಪತಂಗ: ಇದು ಅಟ್ಲಾಸೋ, ಬೇರೆಯೋ?

ತೋಟದಮನೆ: ಸಿರ್ಸಿ ಹತ್ತಿರ ನಮ್ಮೂರು. ನಿನ್ನೆ ರಾತ್ರಿ ಬಚ್ಚಲ ಬಲ್ಬಿನ ಕೆಳಗೆ ಇದು ಕೂತಿತ್ತು. ಸ್ಕೇಲ್ ಹಿಡಿದು ನೋಡಿದೆ, ರೆಕ್ಕೆಯ ಈ ತುದಿಯಿಂದ ಆ ತುದಿಗೆ 22 ಸೆಂ.ಮೀ.! ಇಟ್ಟಿಗೆ ಬಣ್ಣ, ರೆಕ್ಕೆಗೊಂದು ಗಾಜಿನಂಥ ಮುಕ್ಕೋನದ ಕಿಟಕಿ. ಫೋಟೋದ ಕೆಳಗೆ ವೈಜ್ಞಾನಿಕ ಹೆಸರು ಅಟ್ಟಾಕಸ್ ಅಟ್ಲಾಸ್ ಅಂತ ಬರೆದಿದ್ದೇನೆ, ಸರಿ ಅಲ್ವಾ? ಬೆಳಿಗ್ಗೆಯಿಂದ ಅಲ್ಲಾಡಿಲ್ಲ. ಸಕ್ಕರೆ ನೀರು ಇಟ್ಟರೂ ಮೂಸಲಿಲ್ಲ.

ರಾತ್ರಿಪಾಳಿ: ಹೆಸರು ತಪ್ಪು. ನಮ್ಮ ಕಡೆಯದು ಅಟ್ಟಾಕಸ್ ಟಪ್ರೊಬಾನಿಸ್. ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಮಾತ್ರ ಇರುವುದು. ಲಂಕೆಗೆ ಗ್ರೀಕರು ಟಪ್ರೊಬಾನ ಅನ್ನುತ್ತಿದ್ದರು, ಅದೇ ಹೆಸರು. ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ, ಅಲ್ಲಿಂದ ಇಂಡೋನೇಷ್ಯಾ ಕಡೆಯದು.

ಹಳೇಪುಸ್ತಕ: ಇದೊಂದು ಹೊಸ ಚಟ. 1758ರಲ್ಲಿ ಜೀವಶಾಸ್ತ್ರಜ್ಞ ಲಿನ್ನೇಯಸ್ ಇಟ್ಟ ಅಟ್ಲಾಸ್ ಹೆಸರು ಸಾಕಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ನಿಮಗೆ ಗೊತ್ತಾಗುತ್ತಾ?

ರಾತ್ರಿಪಾಳಿ: ಹೊಸದೇನಲ್ಲ ಸಾರ್. ಮೂರ್ ಎಂಬವರು 19ನೇ ಶತಮಾನದಲ್ಲೇ ಬೇರೆ ಹೆಸರು ಕೊಟ್ಟಿದ್ದರು. 1989ರಲ್ಲಿ ಪತಂಗ ತಜ್ಞ ಪೈಗ್ಲರ್ ಇಡೀ ಅಟ್ಟಾಕಸ್ ಕುಲವನ್ನೇ ಜಾಲಾಡಿದಾಗಲೂ ಅದನ್ನು ಬೇರೆಯಾಗಿಯೇ ಉಳಿಸಿದರು. ಬರೀ ಫೋಟೋದಲ್ಲಿ ನನಗೂ ಗೊತ್ತಾಗುವುದಿಲ್ಲ, ಒಪ್ಪಿದೆ. ಊರು ನೋಡಿ ಹೇಳಿದೆ.

ಹಳೇಪುಸ್ತಕ: ಊರು ಕೇಳಿ ಜಾತಿ ಹೇಳುವುದು ಪತಂಗಕ್ಕೂ ಬಂತು ಅನ್ನಿ.

ದಾಲ್ಚಿನ್ನಿ: ಜಗಳ ಆಮೇಲೆ ಆಡಿ. ತೋಟದಮನೆಯವರೇ, ಸಕ್ಕರೆ ನೀರು ಸುಮ್ನೆ ದಂಡ. ಅದಕ್ಕೆ ಕುಡಿಯುವ ಬಾಯೇ ಇಲ್ಲ. ಕಂಬಳಿಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕುತ್ತದೆ, ಅಷ್ಟೇ. ನಮ್ಮ ದಾಲ್ಚಿನ್ನಿ ಗಿಡದಲ್ಲೊಂದು ಹುಳು ಬೆಳೆದಿತ್ತು. ತಿಳಿಹಸಿರು ಮೈ, ಮೇಲೆ ವಿಭೂತಿ ಉದುರಿಸಿದ ಹಾಗೆ ಬಿಳಿ ಪುಡಿ. ಕೊನೆಗೆ ಎಲೆಯನ್ನೇ ಸುತ್ತಿಕೊಂಡು ಗೂಡು ಕಟ್ಟಿತು, ಎಲೆ ಉದುರದ ಹಾಗೆ ತೊಟ್ಟನ್ನೂ ರೇಷ್ಮೆಯಿಂದ ಕೊಂಬೆಗೆ ಬಿಗಿದಿತ್ತು! ಇರಲಿ, ನಿಮ್ಮದರ ಮೀಸೆ ಹೇಗಿದೆ? ಅಗಲ ಗರಿಯ ಹಾಗಿದ್ದರೆ ಗಂಡು.

ತೋಟದಮನೆ: ಸಪೂರ ಇದೆ. ಹೊಟ್ಟೆ ಮಾತ್ರ ಜಾಸ್ತಿ ದಪ್ಪ.

ದಾಲ್ಚಿನ್ನಿ: ಹಾಗಾದರೆ ಹೆಣ್ಣು. ರಾತ್ರಿ ಲೈಟ್ ಆರಿಸಿ, ಕಿಟಕಿ ತೆಗೆದಿಡಿ. ಗಂಡು ವಾಸನೆ ಹಿಡಿದೇ ದೂರದಿಂದ ಬರುತ್ತದೆ.

ತೋಟದಮನೆ: ಬೆಳಿಗ್ಗೆ ನೋಡಿದರೆ ಎರಡಿವೆ! ಬಂದದ್ದು ಸ್ವಲ್ಪ ಸಣ್ಣದು, ಮೀಸೆ ಮಾತ್ರ ಜರಿಗಿಡದ ಎಲೆಯ ಹಾಗೆ. ಹೊಗೆ ತಾಗುತ್ತದೆ ಅಂತ ಆಯಿ ಬಚ್ಚಲೊಲೆಗೆ ಬೆಂಕಿ ಹಾಕಲು ಬಿಡುತ್ತಿಲ್ಲ, ಯಾರದ್ದೂ ಸ್ನಾನ ಆಗಿಲ್ಲ. ಹೆಸರು ಟಪ್ರೊಬಾನಿಸ್ ಅಂತ ತಿದ್ದಿದ್ದೇನೆ. ಹಳೇಪುಸ್ತಕದವರಿಗಾಗಿ ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ.